ಹೇಳಿಲ್ಲ

"ಮತ್ತೆ ಹೇಳು," ಅಂದ ಅವನು. "ಇನ್ನೂ ಸ್ವಲ್ಪ ಖುಷಿಯಾಗಿ."

"ಓ, ಹೌ ಲವ್ಲಿ!" ಅಂದಳು ಹೆಂಡತಿ, ಬಟ್ಟೆಗಳ ಕಡೆ ನೋಡುತ್ತ.

ಬೇರೆ ಕಡೆ ನೋಡುವಂತಿರಲಿಲ್ಲ. ಮಲಗುವ ಕೋಣೆಯಲ್ಲಿ ಮರದ ಬೀರುವಿನ ಎರಡೂ ಬಾಗಿಲು ತೆರೆದು, ಅದರೊಳಕ್ಕೆ ಮುಖ ಮಾಡಿ, ಎರಡು ಸ್ಟೂಲುಗಳ ಮೇಲೆ ಗಂಡ ಹೆಂಡತಿ ಕುಳಿತಿದ್ದರು. ಎಡಗಡೆ ಅವಳ ಬಟ್ಟೆ, ಬಲಗಡೆ ಅವನದು, ನಡುವಿನ ಹಲಗೆಯ ಮೇಲೆ ಮಡಿಸಿದ ಟವೆಲ್, ಟವೆಲ್ ಮೇಲೆ ಫೋನು. ಬರಿ ಗೋಡೆಯ ಎದುರು ಮಾತಾಡಿದರೆ ದನಿ ಗೋಡೆಗೆ ಬಡಿದು ವಾಪಸು ಬರುತ್ತದೆ. ತೂಗುಹಾಕಿದ ಬಟ್ಟೆಗಳ ಎದುರು ಮಾತಾಡಿದರೆ ಬಟ್ಟೆ ಅದನ್ನು ಹೀರಿಕೊಳ್ಳುತ್ತದೆ. ಇದನ್ನು ಅವನು ವರ್ಷಗಳ ಹಿಂದೆ ತಾನೇ ಕಂಡುಹಿಡಿದಿದ್ದ. ಕಿಟಕಿಗೆ ಕಂಬಳಿ ಕಟ್ಟಿತ್ತು. ಫ್ಯಾನು ನಿಲ್ಲಿಸಿತ್ತು. ಅಡುಗೆಮನೆಯ ಫ್ರಿಜ್ಜು ಗುಂಯ್‌ಗುಟ್ಟಬಾರದೆಂದು ಅದರ ಪ್ಲಗ್ಗನ್ನೂ ಕಿತ್ತಿಟ್ಟಿದ್ದ. ಹೆಂಡತಿಯ ಹಣೆ ಬೆವರಿತ್ತು.

ಅವನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಕೊನೆಯ ವರ್ಷದ ಮಕ್ಕಳಿಗೆ ನಾಳೆ ಇಂಗ್ಲಿಷಿನ ಕೇಳುವ ಮತ್ತು ಓದುವ ಪರೀಕ್ಷೆ. ಮೊದಲು ಸ್ಪೀಕರಿನಲ್ಲಿ ಇಬ್ಬರು ಮಾತಾಡುವುದನ್ನು ಕೇಳಿ ಉತ್ತರಗಳಿಗೆ ಗುರುತು ಹಾಕಬೇಕು. ಆಮೇಲೆ ಎರಡು ಪುಟ ಓದಿ ಮತ್ತೆ ಗುರುತು ಹಾಕಬೇಕು. ಹಳೆಯ ಮಾದರಿ ರೆಕಾರ್ಡುಗಳು ಮಕ್ಕಳಿಗೆ ಎಷ್ಟು ಬಾಯಿಪಾಠವಾಗಿದ್ದವೆಂದರೆ, ಸ್ಪೀಕರಿನ ಹೆಂಗಸು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹಿಂದಿನ ಬೆಂಚಿನವರು ಉತ್ತರ ಬರೆದು ಪೆನ್ನು ಕೆಳಗಿಟ್ಟಿರುತ್ತಿದ್ದರು. ಆದ್ದರಿಂದ ಪ್ರತಿವರ್ಷ, ಪರೀಕ್ಷೆಯ ಹಿಂದಿನ ದಿನದ ಅಭ್ಯಾಸಕ್ಕೆಂದು, ಅವನು ತಾನೇ ಹೊಸದೊಂದು ಸಂಭಾಷಣೆ ಬರೆಯುತ್ತಿದ್ದ. ಗಂಡಸಿನ ದನಿ ತನ್ನದು. ಹೆಂಗಸಿನ ದನಿ ಹೆಂಡತಿಯದು. ಅದು ಮನೆಯಲ್ಲೇ ಇತ್ತು, ಹುಡುಕಿಕೊಂಡು ಹೋಗಬೇಕಿರಲಿಲ್ಲ.

ಈ ವರ್ಷದ ಸಂಭಾಷಣೆಯಲ್ಲಿ ಗಂಡ ಹೆಂಡತಿ ರಜೆಗೆ ಹೊರಟಿದ್ದರು. ಗಂಡ ಎರಡು ಟಿಕೆಟ್ ತಂದಿದ್ದಾನೆ. ಕಿಟಕಿ ಪಕ್ಕದ ಸೀಟು ನಿನಗೇ ಅನ್ನುತ್ತಾನೆ. ಹೆಂಡತಿ ಹೌ ಲವ್ಲಿ ಅನ್ನುತ್ತಾಳೆ. ಇಂಗ್ಲಿಷಿನಲ್ಲಿ ಅವರಿಬ್ಬರೂ ಬಹಳ ಅನ್ಯೋನ್ಯವಾಗಿದ್ದರು.

"ಖುಷಿ ಇನ್ನೂ ಸಾಲದು. ಟಿಕೆಟ್ ತಂದುಕೊಟ್ಟಿದಾನೆ ಅವನು."

"ಯಾರು?"

"ಗಂಡ. ಇದರಲ್ಲಿರೋ ಗಂಡ."

"ಓ," ಅಂದಳು ಅವಳು. ಸೆರಗಿನಿಂದ ಹಣೆ ಒರೆಸಿಕೊಂಡಳು. ಅವನು ಹಳೆಯದನ್ನು ಅಳಿಸಿ ಕೆಂಪು ಗುಂಡಿ ಒತ್ತಿದ; ಇಬ್ಬರೂ ಮೊದಲಿಂದ ಓದಿ, ಕೊನೆಗೆ ಅವಳು ಮತ್ತೆ ಹೇಳಿದಳು. ಈ ಸಲ ದನಿ ಎಷ್ಟು ಚೆನ್ನಾಗಿ ಅರಳಿತೆಂದರೆ ಅವನು ಕಾಗದದಿಂದ ತಲೆಯೆತ್ತಿ ನೋಡಿದ. ಮುಖ ಮಾತ್ರ ಇದ್ದ ಹಾಗೇ ಇತ್ತು. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಸೂಜಿ ಚುಚ್ಚುವವಳು. 'ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೇ' ಎಂದು ದಿನವಿಡೀ ಗುರುತು ಪರಿಚಯ ಇಲ್ಲದವರಿಗೆ ಇದೇ ದನಿಯಲ್ಲಿ ಹೇಳಿ ರೂಢಿ.

"ಇಷ್ಟು ಸಾಕಾ?"

"ಸಾಕು. ಬಹಳ ಚೆನ್ನಾಗಿ ಬಂತು," ಅಂದ. ಆಗಲೇ ಪ್ರಶ್ನೆಗಳ ಹಾಳೆ ಕೈಗೆತ್ತಿಕೊಂಡಿದ್ದ. ಮೂರನೇ ಪ್ರಶ್ನೆ ತೀರಾ ಸುಲಭವಾಗಿತ್ತು. ದಡ್ಡನೂ ಗುರುತು ಹಾಕುವಂತಿತ್ತು. ಅದನ್ನು ತಿರುಚುವುದು ಹೇಗೆಂದು ಯೋಚಿಸುತ್ತಿರುವಾಗ ಹೆಂಡತಿ ಏನೋ ಹೇಳಿದಳು. ಒಂದಿಷ್ಟು ಹೊತ್ತು ಹೇಳಿದಳು. ಅವನು ಹೂಂ ಅಂದ. ಆಮೇಲೆ ಇನ್ನೇನೋ ಕೇಳಿದಳು. ಅದಕ್ಕೂ ಹೂಂ ಅಂದ. ಸ್ಟೂಲು ಸರಿದ ಸದ್ದಾಯಿತು. ಅವನು ಕೈಚಾಚಿ ಫೋನು ತೆಗೆದು, ಕೆಂಪು ಗುಂಡಿ ಒತ್ತಿ, ಜೇಬಿಗೆ ಹಾಕಿಕೊಂಡ. ಮುಂದಿನದು ಹಿಂದಿನದು ಕತ್ತರಿಸಿ ಚೊಕ್ಕ ಮಾಡಲು ಹೊತ್ತಿರಲಿಲ್ಲ.

ಹೊರಡುವಾಗ ಹಾಸಿಗೆಯ ಮೇಲೆ ಅವಳ ದೊಡ್ಡ ಸೂಟ್‌ಕೇಸು ಬಾಯಿ ತೆರೆದುಕೊಂಡಿರುವುದು ಕಾಣಿಸಿತು. ಧೂಳು ಹೊಡೆಯುತ್ತಿದ್ದಾಳೆ ಅಂದುಕೊಂಡ.

"ಎಷ್ಟೊತ್ತಿಗೆ ಬರ್ತೀರಿ?" ಬಾಗಿಲ ಬಳಿ ಕೇಳಿದಳು.

"ನೋಡೋಣ. ನಾಳೆ ಪರೀಕ್ಷೆ ಅಲ್ವಾ."

"ಐದರೊಳಗೆ?"

"ನೋಡೋಣ ಅಂದ್ನಲ್ಲ."

ಅವಳು ತಲೆಯಾಡಿಸಿದಳು. ಮನೆಯಲ್ಲಿ ಇಬ್ಬರೇ. ಮಕ್ಕಳಿಲ್ಲ; ಇದ್ದಿದ್ದರೆ ಅವರ ಮೂಲಕವಾದರೂ ಮಾತು ಆಚೆ ಈಚೆ ಓಡಾಡುತ್ತಿತ್ತೋ ಏನೋ.

ಶಾಲೆಯಲ್ಲಿ ಮಕ್ಕಳು ಅವನಿಗೆ ಇಟ್ಟ ಹೆಸರು ಎರಡ್ಸಲ ಮೇಷ್ಟ್ರು. ಅವನಿಗೂ ಗೊತ್ತಿತ್ತು. ಅದರ ಬಗ್ಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

"ಪರೀಕ್ಷೇಲಿ ಎಷ್ಟು ಸಲ ಹಾಕ್ತಾರೆ?" ಎಂದು ತರಗತಿಗೆ ಕಾಲಿಡುತ್ತಲೇ ಕೇಳಿದ.

"ಎರಡು ಸಲ ಸರ್!"

"ಮೂರನೇ ಸಲ?"

"ಇಲ್ಲ ಸರ್!"

"ಎಲ್ಲಾ ಕೇಳಿಸ್ಕೋಬೇಕಾ?"

"ಬೇಡ ಸರ್!"

ಅದು ಅವನ ವಿದ್ಯೆ. ಮೊದಲು ಪ್ರಶ್ನೆ ಓದಿಕೊಳ್ಳಿ. ಪ್ರಶ್ನೆ ಏನನ್ನು ಕೇಳುತ್ತದೋ ಅದಕ್ಕೆ ಮಾತ್ರ ಕಿವಿ ಕೊಡಿ. ಉಳಿದದ್ದೆಲ್ಲ ಹೊಟ್ಟು, ತೂರಿಬಿಡಿ. 'ಬಟ್' ಎಂಬ ಶಬ್ದ ಬಂದರೆ ಎಚ್ಚರ, ಉತ್ತರ ಅದರ ಬೆನ್ನ ಹಿಂದೆಯೇ ಬರುತ್ತದೆ. ಕೊನೆಯ ಪ್ರಶ್ನೆಗಳಿಗೆ ಮೂರು ಮನೆಗಳಿರುತ್ತವೆ: ಸರಿ, ತಪ್ಪು, ಹೇಳಿಲ್ಲ. ಮಾತಾಡಿದವರು ಬಾಯಿಬಿಟ್ಟು ಹೇಳದೆ ಇದ್ದದ್ದನ್ನು ನೀವು ಅವರ ಪರವಾಗಿ ಊಹಿಸಬೇಡಿ, 'ಹೇಳಿಲ್ಲ' ಎಂಬ ಮನೆಗೆ ಗುರುತು ಹಾಕಿ. ಓದುವ ಭಾಗಕ್ಕೂ ಇದೇ ಮಂತ್ರ. ಪಾಠ ಚೆನ್ನಾಗಿದೆಯೆಂದು ಓದುತ್ತ ಕೂತವನು ಕೆಟ್ಟ.

ಈ ಮಂತ್ರದಿಂದ ಅವನ ಶಾಲೆಯ ಫಲಿತಾಂಶ ಏರಿತ್ತು. ಬೇರೆ ಶಾಲೆಗಳವರು ಅವನನ್ನು ಕರೆಸಿ 'ಕೇಳಿಸಿಕೊಳ್ಳುವುದು ಹೇಗೆ' ಎಂದು ತಮ್ಮ ಮೇಷ್ಟ್ರುಗಳಿಗೆ ಭಾಷಣ ಮಾಡಿಸಿದ್ದರು. ಒಂದು ಕಡೆ ಗಡಿಯಾರವನ್ನೂ ಕೊಟ್ಟಿದ್ದರು. ಊರಿಗೆಲ್ಲ ಕಿವಿ ಕೊಟ್ಟವನು ಎಂದು ಗಣಿತದ ಮೇಷ್ಟ್ರು ಆಗ ತಮಾಷೆ ಮಾಡಿದ್ದರು.

ಹಾಳೆಗಳನ್ನು ಹಂಚಿದ. ಮೇಜಿನ ಮೇಲಿನ ಸ್ಪೀಕರಿಗೆ ಫೋನಿನ ವೈರು ಸಿಕ್ಕಿಸಿ, ಹಾಕಿದ. ಅವನ ಇಂಗ್ಲಿಷ್ ದನಿ ಎರಡು ಟಿಕೆಟ್ ತಂದ ಸುದ್ದಿ ಹೇಳಿತು. ಹೆಂಡತಿಯ ಇಂಗ್ಲಿಷ್ ದನಿ ಸಂತೋಷಪಟ್ಟಿತು. ಅವನು ಕೈಕಟ್ಟಿಕೊಂಡು ಬೆಂಚುಗಳ ನಡುವೆ ನಡೆಯುತ್ತ ಮಕ್ಕಳ ಹಾಳೆಗಳ ಮೇಲೆ ಕಣ್ಣಾಡಿಸಿದ.

ನಾಲ್ಕನೇ ಪ್ರಶ್ನೆ ಪ್ರತಿವರ್ಷ ಬರುವಂಥದ್ದು. ಮಾತಾಡುತ್ತಿರುವ ಇಬ್ಬರು ಯಾರು? ಎ, ಗಂಡ ಹೆಂಡತಿ. ಬಿ, ಟಿಕೆಟ್ ಮಾರುವವನು ಮತ್ತು ಗಿರಾಕಿ. ಸಿ, ಅಣ್ಣ ತಂಗಿ. ಡಿ, ದಾರಿಯಲ್ಲಿ ಭೇಟಿಯಾದ ಅಪರಿಚಿತರು. ಮೊದಲ ಬೆಂಚಿನಲ್ಲಿ ಬಿ. ಅದರ ಹಿಂದೆ ಬಿ. ಕಿಟಕಿ ಪಕ್ಕದ ಹುಡುಗಿ, ತರಗತಿಗೇ ಜಾಣೆ, ಅವಳೂ ಬಿ. ಅಲ್ಲಲ್ಲಿ ಡಿ. ಒಬ್ಬ ಎ ಎಂದು ಬರೆದವನು ಪಕ್ಕದವನದನ್ನು ನೋಡಿ ಅಳಿಸುತ್ತಿದ್ದ.

ಅವನಿಗೆ ಸಿಟ್ಟು ಬಂತು. ಇಷ್ಟು ದಿನ ಹೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತಲ್ಲ. ಗಂಡ ಹೆಂಡತಿ ಎಂದು ತಿಳಿಯಲು ಇನ್ನೇನು ಬೇಕು ಇವಕ್ಕೆ? ಅವನು ಹಿಂದಿನ ಬೆಂಚಿನ ಬಳಿ ಇದ್ದ. ಮುಗಿಯಲಿ, ವಿಚಾರಿಸಿಕೊಳ್ಳುತ್ತೇನೆ ಅಂದುಕೊಂಡ.

"ಇಷ್ಟು ಸಾಕಾ?" ಅಂದಿತು ಸ್ಪೀಕರು, ಕನ್ನಡದಲ್ಲಿ.

"ಸಾಕು. ಬಹಳ ಚೆನ್ನಾಗಿ ಬಂತು."

ಮಕ್ಕಳು ಕಿಸಕ್ಕೆಂದರು. ಅವನು ಮೇಜಿನ ಕಡೆ ಹೊರಟ. ಬೆಂಚುಗಳ ನಡುವೆ ಚೀಲಗಳನ್ನು ಅಡ್ಡ ಇಟ್ಟಿದ್ದರು. ಓಡಿದರೆ ನಗೆಪಾಟಲಾಗುತ್ತದೆ ಎಂದು ನಡೆದೇ ಹೋದ.

"ರೀ, ಇನ್ನೊಂದು ಸಲ ಹೇಳ್ತೀನಿ, ಕೇಳಿ. ಸಂಜೆ ಐದೂವರೆಗೆ ನನ್ನ ರೈಲು. ನಾಳೆ ಅಲ್ಲಿ ಹೊಸ ಲ್ಯಾಬಿಗೆ ಸೇರ್ಕೋಬೇಕು. ಲ್ಯಾಬಿನವರು ಎರಡು ಮನೆ ನೋಡಿಟ್ಟಿದಾರೆ, ಒಂದು ಕೋಣೆದೊಂದು, ಎರಡು ಕೋಣೆದೊಂದು. ನೀವು ಈ ಪರೀಕ್ಷೆ ಮುಗಿಸ್ಕೊಂಡು ಬರೋದಾದ್ರೆ ಎರಡು ಕೋಣೆದು ತಗೋತೀನಿ. ಇಲ್ಲಾಂದ್ರೆ ನಂಗೆ ಒಂದು ಕೋಣೆ ಸಾಕು. ರೈಲು ಹತ್ತೋದ್ರೊಳಗೆ ಅವರಿಗೆ ಹೇಳ್ಬೇಕು. ಬರ್ತೀರಾ?"

"ಹೂಂ. ಈ ಮೂರನೇದು ತೀರಾ ಸುಲಭ ಆಯ್ತು ನೋಡು."

ಅವನು ನಡುದಾರಿಯಲ್ಲೇ ನಿಂತುಬಿಟ್ಟಿದ್ದ. ಸ್ಪೀಕರಿನಲ್ಲಿ ಏನೂ ಇಲ್ಲ. ಏನೂ ಇಲ್ಲದ್ದು ಬಹಳ ಹೊತ್ತು ಕೇಳಿಸಿತು. ಬಟ್ಟೆಗಳ ಎದುರು ಮಾಡಿದ ರೆಕಾರ್ಡು. ಮೌನವೂ ಚೊಕ್ಕವಾಗಿ ಬಂದಿತ್ತು.

"ಬಟ್ಟೆ ತೆಗೀಲಾ ಇನ್ನು?"

"ಹೂಂ."

ಅಷ್ಟರಲ್ಲಿ ಅವನ ಕೈ ಫೋನಿಗೆ ತಗುಲಿತು. ನಿಲ್ಲಿಸಿದ. ಮಕ್ಕಳ ಕಡೆ ಬೆನ್ನು ಮಾಡಿಕೊಂಡೇ ರೆಕಾರ್ಡನ್ನು ಮತ್ತೆ ಮೊದಲಿಗೆ ತಂದಿಟ್ಟ. ಈಗ ಯಾರೂ ನಗುತ್ತಿರಲಿಲ್ಲ. ಹಿಂದಿನಿಂದ ಏನೋ ಉಜ್ಜುವ ಸದ್ದು ಬಂತು, ಒಂದೆರಡಲ್ಲ, ತರಗತಿಯ ತುಂಬ. ತಿರುಗಿ ನೋಡಿದರೆ ಎಲ್ಲರೂ ರಬ್ಬರು ಹಿಡಿದು ಅಳಿಸುತ್ತಿದ್ದರು.

"ಏನು ಅಳಿಸ್ತಿದೀರಿ?"

"ನಾಲ್ಕನೇದು ಸರ್," ಅಂದಳು ಕಿಟಕಿ ಪಕ್ಕದ ಹುಡುಗಿ. "ಗಂಡ ಹೆಂಡತಿ ಅಂತ ಈಗ ಗೊತ್ತಾಯ್ತು."

"ಹೇಗೆ?"

"ನೀವು ಹೂಂ ಅಂದ್ರಲ್ಲ ಸರ್. ನಮ್ಮಪ್ಪನೂ ಹಾಗೇ ಅನ್ನೋದು."

ಅವಳ ಮುಖದಲ್ಲಿ ಕುಚೋದ್ಯವಿರಲಿಲ್ಲ. ಇದ್ದಿದ್ದರೆ ಗದರಿಸಿ ಪಾರಾಗಬಹುದಿತ್ತು. ಹಿಂದಿನ ಬೆಂಚಿನ ದಪ್ಪ ಹುಡುಗ ಎದ್ದುನಿಂತ. ಅವನು ಎಂದೂ ಏನನ್ನೂ ಕೇಳಿದವನಲ್ಲ.

"ಸರ್, ಆ ಕೊನೇ ಪ್ರಶ್ನೆಗೆ ಉತ್ತರ ಏನು ಸರ್? ಒಂದು ಕೋಣೆನಾ, ಎರಡಾ?"

"ಎರಡು ಕಣೋ. ಹೂಂ ಅಂದ್ರಲ್ಲ," ಅಂದ ಇನ್ನೊಬ್ಬ.

"ಅದು ಆ ಹೂಂ ಅಲ್ಲ."

"ಮತ್ತೆ ಯಾವ ಹೂಂ?"

"ಸುಮ್ನಿರ್ರೋ. ಅದಕ್ಕೆ 'ಹೇಳಿಲ್ಲ' ಅಂತ ಹಾಕ್ಬೇಕು," ಅಂದಳು ಹುಡುಗಿ. "ಅಲ್ವಾ ಸರ್?"

ಎಲ್ಲರೂ ಪೆನ್ನೆತ್ತಿ ಕಾಯುತ್ತಿದ್ದರು. ಅವನು ಪಾಠ ಮಾಡಿದ ಇಷ್ಟು ವರ್ಷಗಳಲ್ಲಿ ಒಂದು ತರಗತಿ ಇಷ್ಟು ಗಮನವಿಟ್ಟು ಕೇಳಿಸಿಕೊಂಡದ್ದಿಲ್ಲ.

"ಹೌದು," ಅಂದ. "'ಹೇಳಿಲ್ಲ' ಸರಿ."

ಪೆನ್ನುಗಳು ಬಗ್ಗಿದವು. ಎರಡನೇ ಸಲ ಹಾಕಲೇಬೇಕಿತ್ತು, ನಿಯಮ. ಹಾಕಿದ. ಈ ಸಲ ಮೇಜಿನ ಪಕ್ಕವೇ ನಿಂತು, ಹೌ ಲವ್ಲಿ ಆದ ಕೂಡಲೇ ಸರಿಯಾಗಿ ಕತ್ತರಿಸಿದ.

ಮಧ್ಯಾಹ್ನ ಓದುವ ಭಾಗದ ಅಭ್ಯಾಸ. ಮಕ್ಕಳು ಜೇನುಹುಳುಗಳ ಬಗ್ಗೆ ಎರಡು ಪುಟ ಓದುತ್ತಿರುವಾಗ ಅವನು ಕುರ್ಚಿಯಲ್ಲಿ ಕುಳಿತು ಹಿಂದಿನ ವಾರದ ಒಂದು ಊಟವನ್ನು ಜ್ಞಾಪಿಸಿಕೊಳ್ಳಲು ನೋಡಿದ. ಇನ್ನೊಂದು ಸಲ ಹೇಳ್ತೀನಿ ಅಂದಿದ್ದಳು. ಹಾಗಾದರೆ ಮೊದಲನೆಯ ಸಲ ಅದು ಆ ಊಟದಲ್ಲೇ ಇರಬೇಕು. ಅವತ್ತು ತಟ್ಟೆಯ ಪಕ್ಕ ಉತ್ತರಪತ್ರಿಕೆಗಳಿದ್ದವು. ಗುರುವಾರ ಬೆಳಿಗ್ಗೆ ರೆಕಾರ್ಡಿಂಗಿಗೆ ಸಿಗ್ತೀಯಾ ಎಂದು ಅವನು ಕೇಳಿದ್ದ. ಅವಳು ಬಹಳ ಹೊತ್ತು ಮಾತಾಡಿದ್ದಳು. ಲ್ಯಾಬು ಅಂದಿದ್ದಳು, ಬೇರೆ ಊರು ಅಂದಿದ್ದಳು, ಅಲ್ಲಿ ಎಲ್ಲಾ ನಾನೇ ನೋಡ್ಕೋಬೇಕಂತೆ ಅಂದಿದ್ದಳು, ಯಾಕೋ ಒಂದು ಸಲ ನಕ್ಕಿದ್ದಳು. ಇಷ್ಟರ ನಡುವೆ ಎಲ್ಲೋ 'ಗುರುವಾರ ಬೆಳಿಗ್ಗೆ ಇರ್ತೀನಿ' ಎಂಬ ಮಾತು ಬಂದಿತ್ತು. ಅವನಿಗೆ ಬೇಕಾದದ್ದು ಅದು. ಅದನ್ನು ಹೆಕ್ಕಿಕೊಂಡಿದ್ದ. ಉಳಿದದ್ದನ್ನು ತೂರಿದ್ದ.

ಗುರುವಾರ ಬೆಳಿಗ್ಗೆ ಇರ್ತೀನಿ. ಸಂಜೆ ಇರ್ತೀನಿ ಎಂದು ಅವಳೇನೂ ಹೇಳಿರಲಿಲ್ಲ.

ಅವಳ ಮಾತಿನಲ್ಲಿ 'ಬಟ್' ಇರುವುದಿಲ್ಲ, ಅದೇ ತೊಂದರೆ, ಅಂದುಕೊಂಡ. ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳುತ್ತಾಳೆ. ಗ್ಯಾಸ್ ಮುಗಿಯಿತು ಅನ್ನುವ ದನಿಯಲ್ಲೇ ನಾನು ಹೊರಟೆ ಅನ್ನುತ್ತಾಳೆ. ಕಿವಿ ಎಲ್ಲಿ ನಿಮಿರಬೇಕು? ಇದು ಒಳ್ಳೆಯ ವಾದವೆನಿಸಿತು. ಆಮೇಲೆ ಬೆಳಿಗ್ಗೆಯ ಇನ್ನೊಂದು ಮಾತು ನೆನಪಾಯಿತು. ಬಟ್ಟೆ ತೆಗೀಲಾ ಇನ್ನು? ಅಂದರೆ ಅಲ್ಲಿಯವರೆಗೆ ಅವಳು ಬಟ್ಟೆ ತುಂಬಿರಲಿಲ್ಲ. ಹೊರಡುವ ದಿನ, ಖಾಲಿ ಸೂಟ್‌ಕೇಸು ತೆರೆದಿಟ್ಟುಕೊಂಡು, ಅವನ ರೆಕಾರ್ಡು ಮುಗಿಯಲಿ ಎಂದು ಕಾದಿದ್ದಳು. ಬಟ್ಟೆಯಿಲ್ಲದಿದ್ದರೆ ದನಿ ಕೆಡುತ್ತದೆಂದು ಅವಳಿಗೂ ಗೊತ್ತಿತ್ತು.  ಮಕ್ಕಳು ನೋಡುತ್ತಾರೆಂದು ಜೇನುಹುಳುಗಳ ಹಾಳೆಯನ್ನು ಮುಖದ ಮುಂದೆ ಹಿಡಿದುಕೊಂಡ.

ಅವಳು ಹೋಗುವುದು ಅವನಿಗೆ ಬೇಡವಾಗಿತ್ತು. ಇದರಲ್ಲಿ ಏನೂ ಗೋಜಲಿರಲಿಲ್ಲ.  ಎರಡು ಮಾತು ಸಾಕು: ಬರ್ತೀನಿ, ಎರಡು ಕೋಣೆದು ತಗೋ. ಐದರೊಳಗೆ ಮನೆಗೆ ಹೋಗಿ ಹೇಳಿದರಾಯಿತು.

ಮೂರೂವರೆಗೆ ತರಗತಿ ಬಿಟ್ಟಿತು. ಸ್ಟಾಫ್ ರೂಮಿಗೆ ಹೋದಾಗ ಅಲ್ಲಿ ಮಾತು ಥಟ್ಟನೆ ನಿಂತಿತು. ಮಕ್ಕಳ ಬಾಯಿಗೆ ಬಿದ್ದ ಸುದ್ದಿಗೆ ಎರಡನೇ ಸಲ ಬೇಕಿಲ್ಲ. ಗಣಿತದ ಮೇಷ್ಟ್ರು ಪತ್ರಿಕೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಮನೆಗೆ ಹೊರಡಲ್ವಾ?"

"ಪರೀಕ್ಷೆ ಹಾಲಿನ ಸ್ಪೀಕರು ನೋಡ್ಬೇಕು. ನಾಳೆಗೆ."

"ನಾನು ನೋಡ್ತೀನಿ, ನೀವು ಹೋಗಿ."

"ಅದು ನಿಮಗೆ ಗೊತ್ತಾಗಲ್ಲ. ಹಿಂದಿನ ಬೆಂಚಿಗೆ ಸರಿಯಾಗಿ ಕೇಳಿಸ್ಬೇಕು."

ಗಣಿತದ ಮೇಷ್ಟ್ರು ಅವನ ಮುಖವನ್ನೇ ನೋಡಿದರು. "ಹಿಂದಿನ ಬೆಂಚಿಗೆ," ಅಂದರು. "ಆಯ್ತು, ನಡೀರಿ. ನಾನು ಅಲ್ಲಿ ಕೂತ್ಕೋತೀನಿ."

ಪರೀಕ್ಷೆಯ ಹಾಲಿನಲ್ಲಿ ಬೆಂಚುಗಳಿಗೆ ಆಗಲೇ ನಂಬರು ಅಂಟಿಸಿದ್ದರು. ಅವನು ವೇದಿಕೆಯ ಮೇಲೆ ದೊಡ್ಡ ಸ್ಪೀಕರಿಗೆ ಫೋನು ಸಿಕ್ಕಿಸಿ ರೆಕಾರ್ಡು ಹಾಕಿದ. ಖಾಲಿ ಹಾಲಿನ ತುಂಬ ಹೆಂಡತಿ ಸಂತೋಷಪಟ್ಟಳು.

"ಕೇಳಿಸ್ತಾ?"

"ಕೇಳಿಸ್ತು. ಚೆನ್ನಾಗಿ ಓದ್ತಾರೆ ನಿಮ್ಮ ಮನೆಯವರು."

"ಸ್ಪಷ್ಟವಾಗಿ ಕೇಳಿಸ್ತಾ?"

"ಕೇಳಿಸ್ತು ಅಂದ್ನಲ್ರೀ."

ಸ್ಪೀಕರನ್ನು ಎಡಕ್ಕೆ ಸರಿಸಿ ಮತ್ತೆ ಹಾಕಿದ. ಬಲಕ್ಕೆ ಸರಿಸಿ ಮತ್ತೆ ಹಾಕಿದ. ಕಿಟಕಿ ಮುಚ್ಚಿ, ಕಿಟಕಿ ತೆರೆದು ಹಾಕಿದ. ತಾನೇನು ಮಾಡುತ್ತಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಹೋದರೆ ಅವಳ ಎದುರು ನಿಲ್ಲಬೇಕು. ಬರೆದುಕೊಂಡದ್ದನ್ನು ಓದುವ ಹಾಗಿಲ್ಲ. ಅವಳು ಏನನ್ನುತ್ತಾಳೋ, ಅದಕ್ಕೆ ತಾನು ಏನನ್ನಬೇಕೋ, ಅದಕ್ಕೆ ಅವಳ ಮುಖ ಹೇಗಾಗುತ್ತದೋ. ಒಂದು ವೇಳೆ ಈಗ ಬೇಡ, ಒಂದು ಕೋಣೆಯೇ ಸಾಕು ಅಂದುಬಿಟ್ಟರೆ? ಅವನಿಗೆ ಹೆದರಿಕೆಯಾಗುತ್ತಿತ್ತು. ನಲವತ್ತೆಂಟರ ಗಂಡಸು, ಮದುವೆಯಾದ ಹೆಂಡತಿಯ ಎದುರು ನಿಂತು ಮಾತಾಡಲು ಹೆದರಿ, ಹಾಲಿನಲ್ಲಿ ಸ್ಪೀಕರು ಸರಿಸುತ್ತಿದ್ದ.

"ಎಷ್ಟೊತ್ತಿಗೆ ರೈಲು?" ಹಿಂದಿನ ಬೆಂಚಿನಿಂದ ಗಣಿತದ ಮೇಷ್ಟ್ರು ಕೇಳಿದರು.

"ಯಾವ ರೈಲು?"

"ಸರಿ ಬಿಡಿ."

ಆಗ ಫೋನು ಬಡಿದುಕೊಂಡಿತು. ವೈರು ಸಿಕ್ಕಿಸಿಯೇ ಇತ್ತು. ರಿಂಗು ಸ್ಪೀಕರಿನಲ್ಲಿ ಹಾಲು ಕಿತ್ತುಹೋಗುವ ಹಾಗೆ ಮೊಳಗಿತು. ಹೆಂಡತಿಯ ನಂಬರು. ಎತ್ತಿದರೆ ಅವಳ ಮಾತು ಗಣಿತದ ಮೇಷ್ಟ್ರ ಬೆಂಚಿನವರೆಗೂ ಸ್ಪಷ್ಟವಾಗಿ ಹೋಗುತ್ತದೆ. ಅದಕ್ಕೆಂದೇ ಇಷ್ಟು ಹೊತ್ತು ಸರಿಮಾಡಿದ್ದು. ಕತ್ತರಿಸಿದ. ವೈರು ಕಿತ್ತು ಕೈಯಲ್ಲಿ ಹಿಡಿದುಕೊಂಡ.

ಎರಡನೇ ಸಲ ಬಂತು. ಈಗ ಸ್ಪೀಕರಿರಲಿಲ್ಲ. ಅಂಗೈಯಲ್ಲಿ ಫೋನು ಸಣ್ಣಗೆ ನಡುಗಿತು. ಎತ್ತುತ್ತೇನೆ ಅಂದುಕೊಂಡ. ಎತ್ತಿ ಮೊದಲ ಮಾತು ಏನು ಹೇಳುವುದೆಂದು ಯೋಚಿಸಿದ. ಬರ್ತೀನಿ ಅನ್ನುವುದೋ, ಮೊದಲು ಎಲ್ಲಿದೀಯಾ ಅನ್ನುವುದೋ, ಅಥವಾ ಬೆಳಿಗ್ಗೆ ನಾನು ಎಂದು ಶುರುಮಾಡುವುದೋ. ಸರಿಯಾದದ್ದು ಯಾವುದೆಂದು ತೀರ್ಮಾನವಾಗುವಷ್ಟರಲ್ಲಿ ಫೋನು ಸುಮ್ಮನಾಯಿತು.

ಅವನು ಅದನ್ನು ನೋಡುತ್ತ ನಿಂತ. ಗಣಿತದ ಮೇಷ್ಟ್ರೂ ನೋಡುತ್ತ ಕುಳಿತರು. ಮೂರನೇ ಸಲ ಬರಲಿಲ್ಲ.

ಹೆಡ್ ಮೇಡಂ ಬಾಗಿಲಲ್ಲಿ ಇಣುಕಿದರು. "ಎಲ್ಲಾ ರೆಡಿನಾ ಮೇಷ್ಟ್ರೇ?"

"ರೆಡಿ ಮೇಡಂ."

"ನೀವಿದ್ರೆ ನನಗೆ ಯೋಚನೆ ಇಲ್ಲ," ಅಂದು ಹೊರಟುಹೋದರು.

ಮನೆ ತಲುಪಿದಾಗ ಆರು ಹೊಡೆದಿತ್ತು. ಬಾಗಿಲಿಗೆ ಬೀಗ. ತನ್ನ ಬೀಗದ ಕೈ ತೆಗೆದು ಒಳಗೆ ಬಂದ. ಅಡುಗೆಮನೆಯಲ್ಲಿ ಕಾಲಿಗೆ ತಣ್ಣಗೆ ತಾಗಿತು. ಫ್ರಿಜ್ಜಿನ ಪ್ಲಗ್ಗು ಬೆಳಿಗ್ಗೆ ಕಿತ್ತದ್ದು ಹಾಗೇ ಇತ್ತು. ಒಳಗಿನ ಐಸೆಲ್ಲ ಕರಗಿ ನೆಲದ ತುಂಬ ನೀರು ಹರಿದಿತ್ತು. ಅವಳೂ ಸಿಕ್ಕಿಸಿರಲಿಲ್ಲ. ಮರೆತಳೋ, ಬೇಡವೆಂದು ಬಿಟ್ಟಳೋ ತಿಳಿಯಲಿಲ್ಲ. ಒಂದು ಲೋಟ ತೊಳೆದು ಬೋರಲು ಹಾಕಿತ್ತು.

ಮಲಗುವ ಕೋಣೆಯಲ್ಲಿ ಕಿಟಕಿಗೆ ಕಂಬಳಿ ಇನ್ನೂ ಕಟ್ಟಿತ್ತು. ಎರಡು ಸ್ಟೂಲುಗಳು ಬೀರುವಿನ ಮುಂದೆ ಹಾಗೇ ಇದ್ದವು. ಬೀರುವಿನ ಎಡಗಡೆ ಬರಿಯ ಹ್ಯಾಂಗರುಗಳು. ಅವನ ಕೈ ಬೀರುವಿನ ಬಾಗಿಲಿಗೆ ತಗುಲಿದಾಗ ಒಂದಕ್ಕೊಂದು ತಾಗಿ ಟಿಣ್ ಅಂದವು.

ತನ್ನ ಸ್ಟೂಲಿನ ಮೇಲೆ ಕುಳಿತ. ರೈಲು ಈಗ ಎಲ್ಲಿರಬಹುದು? ಕರೆ ಮಾಡಬಹುದಿತ್ತು. ಕರೆಯಲ್ಲಿ ಮತ್ತೆ ಅದೇ ಫಜೀತಿ, ತಪ್ಪಿದರೆ ಅಳಿಸುವ ಹಾಗಿಲ್ಲ. ದನಿಯಲ್ಲೇ ಒಂದು ಸಂದೇಶ ಕಳಿಸುವುದು ವಾಸಿ. ಅವಳು ಕಿವಿಗೆ ಹಿಡಿದು ಕೇಳಲಿ, ಬೇಕಾದರೆ ಎರಡು ಸಲ ಕೇಳಲಿ. ಮನೆಯ ಮಾತು ಇನ್ನೂ ಪಕ್ಕಾ ಆಗಿರಲಾರದು, ರಾತ್ರಿಯೊಳಗೆ ಬದಲಾಯಿಸಬಹುದು. ಈ ಯೋಚನೆಯಿಂದ ಬಹಳ ಹಗುರವಾಯಿತು. ಫೋನನ್ನು ಹಲಗೆಯ ಟವೆಲ್ ಮೇಲಿಟ್ಟು ಕೆಂಪು ಗುಂಡಿ ಒತ್ತಿದ.

"ಬರ್ತೀನಿ. ಎರಡು ಕೋಣೆದು ತಗೋ."

ಅಷ್ಟೇ. ಎಷ್ಟು ಸುಲಭವಾಗಿತ್ತು. ಕಳಿಸುವ ಮೊದಲು, ಅಭ್ಯಾಸದಂತೆ, ಒಮ್ಮೆ ಹಾಕಿ ಕೇಳಿದ.

ಚೆನ್ನಾಗಿರಲಿಲ್ಲ. ಖಾಲಿ ಡಬ್ಬದೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳಿಸುತ್ತಿತ್ತು. ದನಿ ಎಡಗಡೆಯ ಬರಿ ಹಲಗೆಗೆ ಬಡಿದು, ಎರಡೆರಡಾಗಿ, ಮೂಗಿನಿಂದ ಬಂದಂತೆ ಬಂದಿತ್ತು. 'ಬರ್ತೀನಿ' ಎಂಬುದಂತೂ ಯಾರೋ ಅಣಕಿಸಿದ ಹಾಗಿತ್ತು. ಇಂಥದ್ದನ್ನು ಕಳಿಸುವುದು ಹೇಗೆ? ಅಳಿಸಿದ.

ಎದ್ದು, ಬಲಗಡೆಯಿಂದ ತನ್ನ ಅಂಗಿಗಳನ್ನು ತೆಗೆದು ಎಡಗಡೆಯ ಹ್ಯಾಂಗರುಗಳಿಗೆ ಒಂದೊಂದಾಗಿ ಹಾಕಿದ. ಬಿಳಿಯದು, ನೀಲಿ ಗೆರೆಯದು, ಭಾಷಣಗಳಿಗೆ ಹಾಕುವ ಬೂದು ಬಣ್ಣದ್ದು. ಕುಳಿತು ಮತ್ತೆ ಹೇಳಿದ. ಈಗ ದನಿ ಬಲಗಡೆಯಿಂದ ಬಡಿದು ಬಂತು. ಅರ್ಧ ಅಲ್ಲಿ ಅರ್ಧ ಇಲ್ಲಿ ಹಂಚಿದ. ಎರಡೂ ಕಡೆಯಿಂದ ಬಂತು. ಇದ್ದ ಬಟ್ಟೆ ಒಬ್ಬನದು, ಬೀರು ಇಬ್ಬರದು. ಕಿಟಕಿಯ ಕಂಬಳಿ ಬಿಚ್ಚಿ ಬೀರುವಿನ ಕಂಬಿಯ ಮೇಲೆ ಹೊದಿಸಿದ. ಕಿಟಕಿಯಿಂದ ರಸ್ತೆಯ ಸದ್ದು ನುಗ್ಗಿತು. ಕಂಬಳಿಯನ್ನು ಮತ್ತೆ ಕಿಟಕಿಗೇ ಕಟ್ಟಿದ.

ಕೋಣೆ ಕಾವೇರಿತ್ತು. ಅಡುಗೆಮನೆಯ ನೀರು ಹೊಸಿಲು ದಾಟಿ ಒಳಗೆ ಬರುತ್ತಿತ್ತು. ಅವನು ಅದನ್ನು ನೋಡಿ, ಆಮೇಲೆ ಒರೆಸಿದರಾಯಿತು ಅಂದುಕೊಂಡ. ಎಡಗಡೆ ಇನ್ನೂ ಒಂದು ಹ್ಯಾಂಗರು ಖಾಲಿ ಇತ್ತು. ಮೈಮೇಲಿನ ಅಂಗಿಯ ಗುಂಡಿ ಬಿಚ್ಚಿ, ತೆಗೆದು, ಅದಕ್ಕೆ ತೂಗುಹಾಕಿದ. ಬೆನ್ನು ಬೆವರಿನಿಂದ ಒದ್ದೆಯಾಗಿದ್ದ ಅಂಗಿ ಅವನ ಭುಜಗಳ ಆಕಾರದಲ್ಲೇ ಜೋತುಬಿತ್ತು. ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ಕುಳಿತು, ಪಕ್ಕದ ಸ್ಟೂಲನ್ನು ಕಾಲಿನಿಂದ ಸ್ವಲ್ಪ ಸರಿಸಿ, ಕೆಂಪು ಗುಂಡಿಯ ಮೇಲೆ ಬೆರಳಿಟ್ಟ.

"ಮತ್ತೆ ಹೇಳು," ಅಂದ ತನ್ನ ಅಂಗಿಗೆ. "ಇನ್ನೂ ಸ್ವಲ್ಪ ಖುಷಿಯಾಗಿ."